ಕೋಣೆ ಬದಲಾವಣೆಗೆ ಕಾರಣ: ಉತ್ತರ ದಿಕ್ಕು

ಮೂರು ವರ್ಷದ ಹಿಂದಿನ ಜುಲೈ. ನ್ಯೂಜಿಲೆಂಡಿನಲ್ಲಿ ಅದು ನಡುಚಳಿಗಾಲ. ಆಕ್ಲೆಂಡಿನ ಒಂದು ಶಿಶುಪಾಲನಾ ಸಂಸ್ಥೆಯಲ್ಲಿ ನಾನು ಕೋಆರ್ಡಿನೇಟರ್. ತಮ್ಮ ಮನೆಯಲ್ಲೇ ನಾಲ್ಕು ಮಕ್ಕಳವರೆಗೆ ನೋಡಿಕೊಳ್ಳುವವರನ್ನು ನಾವು ಎಜುಕೇಟರ್ ಎನ್ನುತ್ತೇವೆ. ಅವರ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಎಲ್ಲ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಮೈಸೂರಿನಲ್ಲಿದ್ದಾಗ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಓಡುತ್ತಿದ್ದವಳು ನಾನು. ಬೇರೆಯವರ ಮನೆಯ ಗ್ಯಾಸಿನ ಬಗ್ಗೆ ಚಿಂತೆ ಮಾಡುವುದಕ್ಕೂ ಸಂಬಳ ಕೊಡುವ ದೇಶವಿದೆ ಎಂದು ಗೊತ್ತಿದ್ದರೆ ಇನ್ನೂ ಮೊದಲೇ ಬರುತ್ತಿದ್ದೆ. ನನ್ನ ಬ್ಯಾಗಿನಲ್ಲಿ ಅಳತೆ ಟೇಪು, ಥರ್ಮಾಮೀಟರು, ಒಂದು ಟಾರ್ಚು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು ಟಾರ್ಚು ಇರುತ್ತವೆ.

ಪರವಾನಗಿಯನ್ನು ಸರ್ಕಾರ ಕೊಡುವುದು ಸಂಸ್ಥೆಗೆ. ಒಂದೊಂದು ಮನೆಯನ್ನೂ ನೋಡಿ ಒಪ್ಪುವ ಹೊಣೆ ನಮ್ಮದು. ಪ್ರತಿ ಮನೆಗೂ ಒಂದು ನಕ್ಷೆ ಇರುತ್ತದೆ. ಮಕ್ಕಳು ಇರಬಹುದಾದ ಕೋಣೆಗಳಿಗೆ ಅದರಲ್ಲಿ ಹಸಿರು ಬಣ್ಣ. ಮಲಗುವ ಕೋಣೆಗೆ ನಕ್ಷತ್ರದ ಗುರುತು. ಆ ಗುರುತನ್ನು ಒಂದು ಗೋಡೆಯಾಚೆ ಸರಿಸಬೇಕೆಂದರೂ ಮೊದಲು ಅರ್ಜಿ, ಆಮೇಲೆ ತಪಾಸಣೆ, ಅದಾದ ಮೇಲೆ ಒಪ್ಪಿಗೆ, ಕೊನೆಗೆ ಮಕ್ಕಳು. ಈ ಕ್ರಮ ಹಿಂದುಮುಂದಾದರೆ ಮನೆಯ ಒಪ್ಪಿಗೆಯನ್ನೇ ತಡೆಹಿಡಿಯಬಹುದು.

ಪಾಪಕುರಾದ ಸುಮಾ ನನ್ನ ಪಟ್ಟಿಯಲ್ಲಿ ಚಿಂತೆ ಕೊಡದ ಒಬ್ಬಳೇ ಎಜುಕೇಟರ್. ಧಾರವಾಡದವಳು. ಮೂರು ಮಕ್ಕಳು ಆಗಲೇ ಬರುತ್ತಿದ್ದವು. ನಾಲ್ಕನೆಯದು ಇಸ್ಲಾ, ಹತ್ತು ತಿಂಗಳ ಕೂಸು, ಸೋಮವಾರದಿಂದ ಬರಬೇಕಿತ್ತು. ಅದರ ತಾಯಿ ಹಾನಾ ನರ್ಸ್. ಹೆರಿಗೆ ರಜೆ ಮುಗಿದು ಅದೇ ಸೋಮವಾರ ಆಸ್ಪತ್ರೆಗೆ ಮರಳುವವಳು. ಮಗುವನ್ನು ಬಿಡಲು ಅವಳಿಗೆ ಬೇರೆ ಜಾಗ ಸಿಕ್ಕಿರಲಿಲ್ಲ. ನಾನು ಸುಮಾಳ ಮನೆಗೆ ಹೋದದ್ದು ಅದರ ಹಿಂದಿನ ಗುರುವಾರ ಮಧ್ಯಾಹ್ನ.

ನಕ್ಷತ್ರದ ಕೋಣೆಯ ಬಾಗಿಲು ತೆರೆದೆ. ಒಳಗೆ ಮಕ್ಕಳಿಲ್ಲ. ಒಂದು ಮಡಚುವ ಮಂಚ, ಅದರ ಮೇಲೆ ರಗ್ಗು, ಹೀಟರಿನ ಎದುರು ಒಣಗುತ್ತಿರುವ ಪಂಚೆ.

"ಸುಮಾ, ಮಕ್ಕಳೆಲ್ಲಿ?"

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದಳು. "ಮಾವಾರು ಬಂದಾರ."

ಮಾವನವರು ಬಂದು ಎರಡು ವಾರವಾಗಿತ್ತಂತೆ. ವಯಸ್ಸು ಎಂಬತ್ತು, ಸರ್ವೇ ಇಲಾಖೆಯಿಂದ ನಿವೃತ್ತರು. ಅವರಿಗೆ ಕೊಟ್ಟಿದ್ದ ಹಿಂಬದಿಯ ಬಿಸಿಲು ಕೋಣೆಯಲ್ಲಿ ಈಗ ಮಕ್ಕಳ ಕಾಟ್‌ಗಳಿದ್ದವು. ಎರಡು ಕೂಸುಗಳು ನಿದ್ದೆಯಲ್ಲಿದ್ದವು, ಮೂರನೆಯದು ಅಂದು ಬಂದಿರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಸ್ವೆಟರಿನ ಮೇಲೆ ಮಫ್ಲರ್ ಸುತ್ತಿಕೊಂಡು, ಕೈಗಡಿಯಾರ ಮತ್ತು ನೋಟ್‌ಬುಕ್ಕಿನೊಂದಿಗೆ ಅವರು ಕಾವಲು ಕೂತಿದ್ದರು. ಮಲಗಿದ ಮಕ್ಕಳ ಉಸಿರು, ಮೈಬಿಸಿಗಳನ್ನು ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆದಿಡಬೇಕು ಎಂಬುದು ನಮ್ಮ ನಿಯಮ. ಇವರು ಮೂರು ನಿಮಿಷಕ್ಕೊಮ್ಮೆ ಬರೆದಿದ್ದರು.

"ಆ ಖೋಲ್ಯಾಗ ಕೂಸುಗಳ ತಲಿ ಉತ್ತರಕ್ಕ ಬರತದ, ತಂಗಿ," ಎಂದರು ಪಿಸುದನಿಯಲ್ಲಿ. "ಆಯುಷ್ಯ ಕಮ್ಮಿ. ಗೊತ್ತಿದ್ದೂ ಹೆಂಗ ಸುಮ್ನ ಕೂಡ್ಲಿ?"

"ಕಾಟ್ ತಿರುಗಿಸಬಹುದಿತ್ತಲ್ಲ ಅಂಕಲ್?"

"ತಿರುಗಿಸಿದ್ರ ತಲಿ ಕಿಟಕಿ ಕೆಳಗ ಬರತದ. ಅಲ್ಲಿ ಪಡದೇದ ದಾರ ಜೋತಾಡತದ, ಅದು ನಿಮ್ಮ ರೂಲಿನಾಗ ನಡಿಯೂದಿಲ್ಲ. ಅಡ್ಡ ಹಾಕಿದ್ರ ಬಾಗಲಾ ಬಂದ್. ಅದೂ ರೂಲಿನಾಗ ನಡಿಯೂದಿಲ್ಲ. ನಿಮ್ಮ ಪುಸ್ತಕ ಪೂರಾ ಓದೇನಿ."

ನಮ್ಮ ನಿಯಮಪುಸ್ತಕವನ್ನು ಪೂರ್ತಿ ಓದಿದವರನ್ನು ನಾನು ಅಂದೇ ಮೊದಲು ಕಂಡದ್ದು. ಕಂಗಾಲಾಗಿ ಒಂದು ವಾದ ಹೂಡಿದೆ. "ಅಂಕಲ್, ಇದು ಭೂಮಿಯ ಕೆಳಗಿನ ಅರ್ಧ. ಇಲ್ಲಿ ಉಲ್ಟಾ ಇರಬಹುದು. ದಕ್ಷಿಣಕ್ಕೇ ತಲೆ ಹಾಕಬಾರದೇನೋ."

ಅವರು ಜೇಬಿನಿಂದ ದಿಕ್ಸೂಚಿ ತೆಗೆದು, ಮುಳ್ಳು ನಿಲ್ಲುವವರೆಗೆ ಕಾದರು. "ನಿಮಗ ಖಾತ್ರಿ ಅದ ಏನು?"

"ಇಲ್ಲ."

"ನಿಮ್ಮ ಮನ್ಯಾಗ ನೀವು ಯಾವ ದಿಕ್ಕಿಗೆ ತಲಿ ಹಾಕ್ತೀರಿ? ಖರೇ ಹೇಳ್ರಿ."

ಹೆಂಡರ್ಸನ್ನಿನ ನಮ್ಮ ಮನೆಯಲ್ಲಿ ಮಂಚವನ್ನು ಪೂರ್ವಕ್ಕೆ ತಿರುಗಿಸಿದಾಗ ವಾರ್ಡ್‌ರೋಬಿನ ಒಂದು ಬಾಗಿಲು ಅದರ ಹಿಂದೆ ಸಿಕ್ಕಿಕೊಂಡಿತು. ಒಂಬತ್ತು ವರ್ಷದಿಂದ ತೆರೆದಿಲ್ಲ. ನಮ್ಮ ಯಜಮಾನರ ಮದುವೆಯ ಸೂಟು ಅದರೊಳಗಿದೆ. ಇದನ್ನು ಅವರಿಗೆ ಹೇಳಲಿಲ್ಲ, ಆದರೆ ನನ್ನ ಮುಖ ಹೇಳಿರಬೇಕು. ಅವರು ತಲೆಯಾಡಿಸಿ ನೋಟ್‌ಬುಕ್ಕಿಗೆ ಮರಳಿದರು.

ನಂಬಿಕೆ ಏನೇ ಇರಲಿ, ಒಪ್ಪಿಗೆಯಿಲ್ಲದ ಕೋಣೆ ಒಪ್ಪಿಗೆಯಿಲ್ಲದ ಕೋಣೆಯೇ. ಟಾರ್ಚು ಹಿಡಿದು ಸುತ್ತ ನೋಡಿದೆ. ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿದಿರಲಿಲ್ಲ. ಭೂಕಂಪದ ಈ ನಾಡಿನಲ್ಲಿ ಅದು ಮಕ್ಕಳ ಮೇಲೆಯೇ ಬೀಳುತ್ತದೆ. ಹೊಗೆ ಎಚ್ಚರಿಕೆಯ ಅಲಾರಂ ಇರಲಿಲ್ಲ. "ಈಗಲೇ ಹಳೆಯ ಕೋಣೆಗೆ ಹೋಗಬೇಕು," ಎಂದೆ. ಮಡಚುವ ಮಂಚವನ್ನು ಗೋಡೆಗೆ ಒರಗಿಸಿ, ಮಲಗಿದ್ದ ಮಕ್ಕಳ ಸಮೇತ ಕಾಟ್‌ಗಳನ್ನು ನಾನೂ ಸುಮಾಳೂ ಹಜಾರದುದ್ದಕ್ಕೂ ತಳ್ಳಿದೆವು. ಒಂದು ಚಕ್ರ ಕಿರುಗುಟ್ಟುತ್ತಿತ್ತು. ಅಂಕಲ್ ಮುಂದೆ ಮುಂದೆ ನಡೆಯುತ್ತ, ದೇವರ ಪಲ್ಲಕ್ಕಿಗೆ ದಾರಿ ಬಿಡಿಸುವವರಂತೆ ಆಟಿಕೆಗಳನ್ನು ಕಾಲಿನಿಂದ ಸರಿಸಿದರು. ಹಳೆಯ ಕೋಣೆ ಸೇರಿದ ಮೇಲೆ, ಮಕ್ಕಳು ಏಳುವವರೆಗೆ ಅವರು ಕಾಟಿನ ಕಂಬಿಯಿಂದ ಕೈ ತೆಗೆಯಲಿಲ್ಲ.

"ಸೋಮವಾರ ಇಸ್ಲಾ ಬರೂದಿಲ್ಲೇನ್ರಿ?" ಎಂದು ಸುಮಾ ಕೇಳಿದಳು. ಕಣ್ಣು ತುಂಬಿತ್ತು. "ಹಾನಾಗ ಏನಂತ ಹೇಳ್ಲಿ?"

ನನಗೂ ಗೊತ್ತಿರಲಿಲ್ಲ. ಕಾರಿನಲ್ಲಿ ಕೂತು ಅರ್ಜಿ ತೆಗೆದೆ. ಅದರಲ್ಲೊಂದು ಅಂಕಣ: ಜಾಗ ಬದಲಾವಣೆಗೆ ಕಾರಣ. "ಉತ್ತಮ ಗಾಳಿಗಾಗಿ" ಎಂದು ಬರೆದೆ. ಹೊಸ ಕೋಣೆಯಲ್ಲಿ ತೆರೆಯುವ ಕಿಟಕಿಯೇ ಚಿಕ್ಕದು. ಹೊಡೆದುಹಾಕಿ "ಸದ್ದು ಕಡಿಮೆಯೆಂದು" ಎಂದು ಬರೆದೆ. ಗೋಡೆಯಾಚೆ ವಾಷಿಂಗ್ ಮಷಿನ್ ಇದೆ. ಸುಳ್ಳು ಬರೆದರೆ ನನಗೆ ಯಾವ ದಿಕ್ಕಿಗೆ ತಲೆ ಹಾಕಿದರೂ ನಿದ್ದೆ ಬರುವುದಿಲ್ಲ. ಕೊನೆಗೆ ಬರೆದದ್ದು ಇಷ್ಟು: "ಮಕ್ಕಳು ಉತ್ತರಕ್ಕೆ ತಲೆ ಹಾಕಿ ಮಲಗುವುದು ಮನೆಯ ಹಿರಿಯರಿಗೆ ಒಪ್ಪಿಗೆಯಿಲ್ಲ. ಅವರದು ತಪ್ಪೆಂದು ನಾನು ಸಾಬೀತು ಮಾಡಲಾರೆ. ಎರಡು ವಾರದಿಂದ ಅನುಮತಿಯಿಲ್ಲದೆ ಕೋಣೆ ಬಳಸಿದ್ದಾರೆ. ಅದು ಮಾತ್ರ ತಪ್ಪು."

ಕಳಿಸಿದ ಮೇಲೆ, ಇಷ್ಟಕ್ಕೇ ನನ್ನ ಕೆಲಸ ಹೋಗುತ್ತದೆ ಎಂದುಕೊಂಡೆ. ನಮ್ಮ ಮ್ಯಾನೇಜರ್ ಜೂಡಿ ಮಿತಭಾಷಿ, ನ್ಯೂಜಿಲೆಂಡಿನವರೇ ಆದ ಹೆಂಗಸು. ಅವರ ಉತ್ತರ ಒಂದೇ ಸಾಲು: "ನಾಳೆ ಹತ್ತಕ್ಕೆ ನಾನೂ ಬರುತ್ತೇನೆ."

ಶುಕ್ರವಾರ ಹೋಗುವಷ್ಟರಲ್ಲಿ ಬಿಸಿಲು ಕೋಣೆಯ ಕಪಾಟನ್ನು ಗೋಡೆಗೆ ಬಿಗಿದಾಗಿತ್ತು. ಸೂರಿನಲ್ಲಿ ಹೊಸ ಅಲಾರಂ. ಬೆಂಕಿ ಬಿದ್ದರೆ ಹೊರಗೋಡುವ ದಾರಿಯನ್ನು ತೋರಿಸುವ ಹೊಸ ನಕ್ಷೆಯನ್ನು ಅಂಕಲ್ ಅಳತೆಗೆ ಸರಿಯಾಗಿ ಬರೆದಿದ್ದರು, ಮೂಲೆಯಲ್ಲಿ ಉತ್ತರದ ಬಾಣದ ಸಮೇತ. ಜೂಡಿ ಕಪಾಟನ್ನು ಅಲ್ಲಾಡಿಸಿ ನೋಡಿದರು, ಅಲಾರಂ ಒತ್ತಿದರು. ಆಮೇಲೆ ಹಳೆಯ ಕೋಣೆಗೆ ಹೋಗಿ ನಿಂತರು. ಕಿಟಕಿಯ ಗಾಜಿನಿಂದ ಚಳಿಗಾಲದ ನೀರು ಇಳಿಯುತ್ತಿತ್ತು. ಹಾಗಾಗಿ, ಅಂಕಲ್ ರಾತ್ರಿ ಮತ್ತೆ ಬಿಡಿಸಿಕೊಂಡು ಮಲಗಿದ್ದ ಮಂಚದ ದಿಂಬು ಕಿಟಕಿಯಿಂದ ದೂರ, ಎದುರು ಗೋಡೆಯ ಕಡೆಗಿತ್ತು.

ಜೂಡಿ ನಕ್ಷೆಯ ಬಾಣವನ್ನು ನೋಡಿದರು, ದಿಂಬನ್ನು ನೋಡಿದರು. "ಇವರ ತಲೆಯೂ ಉತ್ತರಕ್ಕೇ ಅಲ್ಲವೇ? ಕೇಳು," ಎಂದರು ನನಗೆ.

ಕೇಳಿದೆ. ನನಗಿದು ಹೊಳೆದಿರಲೇ ಇಲ್ಲ.

ಅಂಕಲ್ ನಕ್ಕರು. "ಯಾರರೆ ಒಬ್ಬರು ಮಲಗಬೇಕಲ್ಲ ತಂಗಿ, ಖೋಲಿ ಇರೂವು ಇಷ್ಟ. ನನ್ನ ಲೆಕ್ಕ ಮುಗೀಲಿಕ್ಕೆ ಬಂದದ. ಕೂಸುಗಳದು ಈಗ ಸುರು."

ಅದನ್ನು ಜೂಡಿಗೆ ಅನುವಾದಿಸಿದೆ. ಅವರು ಬಾಗಿಲ ಚೌಕಟ್ಟಿಗೆ ಅರ್ಜಿಯನ್ನೊತ್ತಿ ಸಹಿ ಹಾಕಿದರು. ಅನುಮತಿಯಿಲ್ಲದ ಎರಡು ವಾರಕ್ಕೆ ಸುಮಾಗೆ ಲಿಖಿತ ಎಚ್ಚರಿಕೆ ಕೊಟ್ಟರು. ಒಪ್ಪಿಗೆ, ಎಚ್ಚರಿಕೆ ಎರಡೂ ಆಯಿತು, ಅದೇ ಸರಿ.

ಸೋಮವಾರ ಇಸ್ಲಾ ಬಂದಳು, ಹಾನಾ ಕೆಲಸಕ್ಕೆ ಹೋದಳು. ಅಂಕಲ್‌ಗೆ ಮಗ, ಸುಮಾಳ ಗಂಡ, ಕೋಣೆಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ತಂದುಕೊಟ್ಟ. ಗಾಜು ಒಣಗಿತು, ದಿಂಬು ತಿರುಗಿತು. ಧಾರವಾಡಕ್ಕೆ ಮರಳಿದ ಅಂಕಲ್ ಈಗಲೂ ಗಟ್ಟಿಯಾಗಿದ್ದಾರೆ, ವಾಟ್ಸಾಪಿನಲ್ಲಿ ನನಗೆ ನಿಯಮಗಳನ್ನು ನೆನಪಿಸುತ್ತಾರೆ. ಜೂಡಿ ಮಾತ್ರ ಎಲ್ಲ ಮನೆಯ ನಕ್ಷೆಗೂ ಉತ್ತರದ ಬಾಣ ಇರಬೇಕೆಂದು ಆಜ್ಞೆ ಹೊರಡಿಸಿದರು. ನನ್ನ ಬ್ಯಾಗಿನಲ್ಲಿ ಈಗ ಒಂದು ದಿಕ್ಸೂಚಿಯಿದೆ. ಅದು ಕೆಟ್ಟರೆ ಇರಲಿ ಎಂದು ಇನ್ನೊಂದು.

ಜಾಗ ಬದಲಾವಣೆಯ ಅರ್ಜಿ ಬಂದಾಗ ಮೊದಲೆಲ್ಲ ನಾನು ಹೊಸ ಕೋಣೆಯನ್ನಷ್ಟೇ ಅಳೆಯುತ್ತಿದ್ದೆ. ಈಗ ಮೊದಲು ಹಳೆಯ ಕೋಣೆಗೆ ಹೋಗುತ್ತೇನೆ. ಮಕ್ಕಳು ಬಿಟ್ಟ ಜಾಗಕ್ಕೆ ಯಾರು ಬಂದರು, ಅವರ ದಿಂಬು ಎಲ್ಲಿದೆ ಎಂದು ನೋಡುತ್ತೇನೆ. ಫಾರ್ಮಿನಲ್ಲಿ ಅದಕ್ಕೆ ಅಂಕಣವಿಲ್ಲ.