ಅಕ್ಕ ಕಿವಿಯಲ್ಲಿ ಹೇಳಿದ ಸಿನಿಮಾ

ಪಕ್ಕದಲ್ಲಿ ಕುಳಿತಿದ್ದ ಲೆಕ್ಚರರ್ ಮೇಡಂ ಗಂಟಲು ಕಟ್ಟಿದೆಯೆಂದು ಬಾಯಿಗೊಂದು ಲವಂಗ ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನರಸಿಂಹರಾಜಪುರದ ಟಾಕೀಸಿನ ಕತ್ತಲೆ, ಲವಂಗ ಜಗಿಯುತ್ತ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ ಬಳೆ ಅಂಗಡಿಯ ಅಕ್ಕ... ಎಲ್ಲ ಒಟ್ಟಿಗೇ ನೆನಪಾಯಿತು. ನಾನಾಗ ಕೊಪ್ಪದ ಕಾಲೇಜೊಂದರಲ್ಲಿ ಭಾಷಣ ಮಾಡಲು ವೇದಿಕೆಯ ಮೇಲೆ ಕೂತಿದ್ದೆ. ಹಳೆಯ ಹಾರರ್ ಮತ್ತು ಅನ್ಯಗ್ರಹದ ಸಿನಿಮಾಗಳ ಬಗ್ಗೆ ಮೊಬೈಲಿನಲ್ಲಿ ಬರೆದೂ ಬರೆದೂ ನನಗೊಂದು ಹೆಸರು ಬಂದಿತ್ತು.

ಈ ಹುಚ್ಚು ನನಗೆ ಹೈಸ್ಕೂಲಿನಿಂದಲೇ ಹಿಡಿದದ್ದು. ಹುಡುಗಿ ಒಬ್ಬಳೇ ಸಿನಿಮಾಕ್ಕೆ ಹೋಗುವ ಮಾತೇ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ಅಕ್ಕ, "ನಾ ಕರ್ಕಂಡು ಹೋಗ್ತೀನಿ ಬಿಡಿ" ಎಂದು ಅಮ್ಮನನ್ನು ಒಪ್ಪಿಸುತ್ತಿದ್ದರು. ನಾನು ಎಂಥ ಅಭಿಮಾನಿಯೆಂದರೆ, ದೆವ್ವ ಬರುವ ಹೊತ್ತಿಗೆ ಸರಿಯಾಗಿ ಅವರ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದೆ. "ಎಂತ ಆಯ್ತಕ್ಕಾ?" ಎಂದರೆ ಅವರು ಕಿವಿಯಲ್ಲಿ ಹೇಳುತ್ತಿದ್ದರು. ಮರುದಿನ ಶಾಲೆಯಲ್ಲಿ ಅದನ್ನೇ ಕಣ್ಣಾರೆ ಕಂಡವಳಂತೆ ಕೊಚ್ಚಿಕೊಳ್ಳುತ್ತಿದ್ದೆ. ಹೇಳೀ ಹೇಳೀ, ನೋಡಿಯೇ ಇದ್ದೇನೆ ಎಂದು ನನಗೂ ಅನ್ನಿಸತೊಡಗಿತ್ತು. ನಾಚಿಕೆಯ ವಿಷಯ, ಈಗಲೂ ಮೊಬೈಲಿನಲ್ಲಿ ನೋಡುವಾಗ ಅಂಥ ಜಾಗ ಬಂದರೆ ಮುಂದಕ್ಕೆ ಓಡಿಸಿಬಿಡುತ್ತೇನೆ.

ಅಂದು ಲವಂಗದ ವಾಸನೆಯಲ್ಲಿ ಮೈಮರೆತು, ಬರೆದುಕೊಂಡು ಹೋದದ್ದನ್ನು ಬಿಟ್ಟು ಅಕ್ಕ ಹೇಳಿದ್ದ ಒಂದು ದೃಶ್ಯವನ್ನೇ ಬಣ್ಣಿಸಿದೆ. ಆಕಾಶದಿಂದ ಇಳಿದ ಜೀವಿ ಮುಖವಾಡ ತೆಗೆಯುತ್ತದೆ. ಒಳಗೆ ಹಸುಗೂಸಿನ ಮುಖ. ಅದು ನೀರು ಕೇಳುತ್ತದೆ, ಕಾವಲುಗಾರ ಚೊಂಬು ಚಾಚುತ್ತಾನೆ. ನಿರ್ದೇಶಕನ ಕರುಣೆಯನ್ನು ಬಾಯ್ತುಂಬ ಹೊಗಳಿಯೂ ಆಯಿತು. ವಿದ್ಯಾರ್ಥಿಗಳು ಖುಷಿಯಾಗಿ ಅದೇ ದೃಶ್ಯವನ್ನು ಹುಡುಕಿ ಪರದೆಯ ಮೇಲೆ ಹಾಕಿದರು. ಜೀವಿ ಮುಖವಾಡ ತೆಗೆದದ್ದೇ, ಕಾವಲುಗಾರನ ತಲೆಯನ್ನು ಕಚ್ಚಿ ಕಿತ್ತಿತು. ನೀರೂ ಇಲ್ಲ, ಚೊಂಬೂ ಇಲ್ಲ.

"ಮೇಡಂ, ನೀವು ನೋಡಿದ್ದು ಬೇರೆ ಪಿಕ್ಚರ್ ಇರ್ಬೇಕು" ಎಂದ ಒಬ್ಬ. ಇಡೀ ಹಾಲ್ ನಕ್ಕಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸೀದಾ ಬಸ್ಸು ಹತ್ತಿ ಊರಿನ ಬಳೆ ಅಂಗಡಿಗೆ ಹೋದೆ. ಅಕ್ಕ ತೀರಿಕೊಂಡು ವರ್ಷಗಳಾದವು. ಈಗ ಅಲ್ಲಿ ಕೂರುವುದು ಅವರ ತಂಗಿ. ನಡೆದದ್ದನ್ನೆಲ್ಲ ಹೇಳಿ, "ಅಕ್ಕ ನಂಗೆ ಸುಳ್ಳು ಹೇಳ್ತಿದ್ರಾ?" ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

"ಅವ್ಳು ನೋಡಿದ್ರೆ ತಾನೇ ಮಾರಾಯ್ತಿ, ಸರಿಯಾಗಿ ಹೇಳದು! ರಕ್ತ ಕಂಡ್ರೆ ತಲೆ ತಿರುಗ್ತಿತ್ತು ಅವ್ಳಿಗೆ. ನಿನ್ನಂಗೇ ಕಣ್ಣು ಮುಚ್ಕಂಡು ಕೂರ್ತಿದ್ಲಂತೆ. ನೀನು ಕೇಳ್ತಿ ಅಂತ ಏನೋ ಒಂದು ಕಟ್ಟಿ ಹೇಳ್ತಿದ್ಲು."

"ಮತ್ತೆ ಯಾಕೆ ಬರ್ತಿದ್ರು?"

"ಇನ್ಯಾರು ಕರ್ಕಂಡು ಹೋಗ್ತಿದ್ರು ನಿನ್ನ?" ಎಂದು ಅವರು ನಕ್ಕರು. "ಅವ್ಳಿಗೆ ಇಷ್ಟ ಇದ್ದಿದ್ದು ಹಾಡುಗಳಿರೋ ಪಿಕ್ಚರು."

ಕಾಲೇಜಿನಲ್ಲಿ ಆದ ಅವಮಾನ ಅಲ್ಲಿಗೇ ಮರೆತುಹೋಯಿತು. ಈ ನಾಚಿಕೆ ಮಾತ್ರ ಹೋಗುತ್ತಿಲ್ಲ. ಹಾಡುಗಳಿರುವ ಸಿನಿಮಾಗಳೂ ಅದೇ ಟಾಕೀಸಿಗೆ ಬರುತ್ತಿದ್ದವು. ಅವು ಬಂದ ವಾರ ನಾನು ಮೂಗು ಮುರಿಯುತ್ತಿದ್ದೆ, ಅಕ್ಕ ಸುಮ್ಮನಾಗುತ್ತಿದ್ದರು... "ನಿಮಗೆ ಯಾವುದು ನೋಡ್ಬೇಕಕ್ಕಾ?" ಎಂದು ಒಂದು ಸಲವಾದರೂ ಕೇಳಬಹುದಿತ್ತು. ಕೇಳಲಿಲ್ಲ. ಈಗ ಕೇಳೋಣವೆಂದರೆ ಅಕ್ಕನೇ ಇಲ್ಲ.