ಇಸಕ್ಕಿಯಮ್ಮಾಳಿನ ಎಡಗೈ ನಾಡಿ

ತಕ್ಕಲೈ ಊರಿನಲ್ಲಿ ನಾಟಿ ವೈದ್ಯರನ್ನು ಆಸಾನ್ ಎನ್ನುತ್ತಾರೆ; ಅಲ್ಲಿನ ತಾಣುಮಾಲಯನ್ ಆಸಾನರದು ಮೂರು ತಲೆಮಾರಿನ ಸಿದ್ಧ ವೈದ್ಯದ ಮನೆ. ಹೆಂಡತಿ ಇಸಕ್ಕಿಯಮ್ಮಾಳ್‌ಗೆ ಥೈರಾಯ್ಡ್ ಕುಂದಿ, ಮುಖ ಊದಿ, ಕೂತಲ್ಲೇ ತೂಕಡಿಸುವಂತಾದಾಗ ಆಸಾನರು ಮಂದಾರದ ತೊಗಟೆಯ ಕಷಾಯ ಕೊಟ್ಟು ಪಥ್ಯ ಹಾಕಿದರು. ಹುಣಸೆ ಇಲ್ಲ, ಸಾಸಿವೆ ಇಲ್ಲ, ಮೀನಂತೂ ಇಲ್ಲವೇ ಇಲ್ಲ. ಸಮುದ್ರದ ಮಗ್ಗುಲಲ್ಲಿದ್ದು ಮೀನಿಲ್ಲದ ಊಟ! ಪುಣ್ಯಾತ್ಗಿತ್ತಿ ಬಾಯಿ ಕಟ್ಟಿಕೊಂಡು ಎಲ್ಲವನ್ನೂ ಪಾಲಿಸಿದಳು. ಆರು ತಿಂಗಳಾದರೂ ಮೈ ಏಳಲಿಲ್ಲ. ಕೊನೆಗೆ ಗಂಡನಿಗೆ ಹೇಳದೆ ನಾಗರಕೋಯಿಲ್‌ನ ಬಸ್ಸು ಹತ್ತಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಬಾಟಲಿ ತಂದು ಯಾರೂ ಕೇಳದ ಒಂದು ಚೂರ್ಣದ ಜಾಡಿಯಲ್ಲಿ ಹೂತಿಟ್ಟಳು.

ಬೆಳಗ್ಗೆ ಬರಿಹೊಟ್ಟೆಗೆ ಕದ್ದು ಮಾತ್ರೆ, ಗಂಟೆ ಬಿಟ್ಟು ಗಂಡನ ಕಷಾಯ. ಮೈ ಹಗುರಾಗುತ್ತ ಬಂತು. ಶುಕ್ರವಾರ ಶುಕ್ರವಾರ ಆಸಾನರು ಅವಳ ಎಡಗೈ ನಾಡಿ ಹಿಡಿದು ಹಿಗ್ಗುತ್ತಿದ್ದರು.

"ಕಫ ಇಳಿದಿದೆ ಕಣೇ! ನಮ್ಮಪ್ಪನ ಮದ್ದು ಅಂದ್ರೆ ಸುಮ್ನೇನಾ?"

ಆ ಮುಖ ನೋಡಿದರೆ ಅವಳಿಗೆ ನಿಜ ಹೇಳಲು ಮನಸ್ಸೇ ಬರುತ್ತಿರಲಿಲ್ಲ.

ಅಂಥದ್ದೇ ಒಂದು ಶುಕ್ರವಾರ ನಾಲ್ಕು ತಿಂಗಳ ಬಸುರಿ ಪೂಮತಿ ಬಂದಳು. ಅವಳದೂ ಥೈರಾಯ್ಡೇ; ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದಳು.

"ಆಸಾನೇ, ಈ ಮಾತ್ರೆಯಿಂದ ಮಗೂಗೆ ಕೆಡುಕಾಗುತ್ತೆ, ಬಿಟ್ಟುಬಿಡು ಅಂತಾರೆ ನಮ್ಮತ್ತೆ."

"ಬಿಟ್ಹಾಕಮ್ಮ. ನಮ್ಮನೆಯವಳನ್ನೇ ನೋಡು, ಒಂದು ಮಾತ್ರೆ ಮುಟ್ಟಿಲ್ಲ. ಬಾರೇ ಇಲ್ಲಿ, ಕೈ ಕೊಡು."

ಇಸಕ್ಕಿಯಮ್ಮಾಳ್ ಕೈ ಕೊಡಲಿಲ್ಲ. ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿಯ ಹೊಟ್ಟೆಯಲ್ಲಿರುವ ಕೂಸಿನ ಗತಿ? ಒಳಗೆ ಹೋಗಿ ಜಾಡಿಗೆ ಕೈ ಹಾಕಿದಳು. ಚೂರ್ಣ ಮೆತ್ತಿದ ಬಾಟಲಿಯನ್ನು ಚಾಪೆಯ ಮೇಲಿಟ್ಟಳು.

"ಬಿಡಬೇಡ ಕಣಮ್ಮ. ನಾನು ಎದ್ದು ಓಡಾಡ್ತಿರೋದು ಇದ್ರಿಂದ. ಡಾಕ್ಟ್ರನ್ನ ಕೇಳ್ದೆ ಒಂದು ದಿನಾನೂ ತಪ್ಪಿಸ್ಬೇಡ."

ಆಸಾನರು ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟು ದಿನದಿಂದ?"

"ಎಂಟು ತಿಂಗಳಾಯ್ತು ರೀ."

"ಅವಳು ಹೇಳ್ದಂಗೆ ಮಾಡಮ್ಮ," ಎಂದು ಪೂಮತಿಗೆ ಹೇಳಿ ಎದ್ದು ಹಿತ್ತಲಿಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅಳು ಬಂತು.

ಮುಂದಿನ ಶುಕ್ರವಾರ ಅವಳು ಎಂದಿನಂತೆ ಚಾಪೆಯ ಮೇಲೆ ಎಡಗೈ ಚಾಚಿ ಕೂತಳು. ಕಷಾಯದ ಲೋಟ ಬರಲಿಲ್ಲ, ಆಸಾನರೂ ಬರಲಿಲ್ಲ. ಹಿತ್ತಲಲ್ಲಿ ತೊಗಟೆ ಕುಟ್ಟುವ ಸದ್ದು ಒಂದು ಗಳಿಗೆ ನಿಂತಿತು.

"ಮಾತ್ರೆ ತಗೊಂಡ್ಯಾ?"

"ತಗೊಂಡೆ ರೀ."

ಕುಟ್ಟುವ ಸದ್ದು ಮತ್ತೆ ಶುರುವಾಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಕೂತಿದ್ದಳು.