ನೀಲಿ ಸ್ವಿಚ್ಚಿನ ವೇಣು
ಮಾರಿಕುಪ್ಪಂ ರೈಲಿನಲ್ಲಿ ವೇಣು ಬಂಗಾರಪೇಟೆಗೆ ಬಂದಿಳಿದನೆಂದರೆ ಇನ್ನೊಂದು ಕೀಬೋರ್ಡು ಕೆಟ್ಟಿದೆ ಎಂದೇ ಅರ್ಥ. ಕಂಪ್ಯೂಟರ್ ಅಂಗಡಿಯ ಆಶಾರಾಣಿ ಕೇಳದೆಯೇ ಮೆಕ್ಯಾನಿಕಲ್ ಕೀಬೋರ್ಡುಗಳನ್ನೆಲ್ಲ ಮೇಜಿನ ಮೇಲೆ ಹರವುತ್ತಾಳೆ. ಬೇರೆಯವರು ಬಣ್ಣದ ಲೈಟಿಗೆ ಮರುಳಾದರೆ, ಇವನು ಸಂತೆಯಲ್ಲಿ ಮಡಕೆ ಕೊಳ್ಳುವವನಂತೆ ಒಂದೊಂದನ್ನೂ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ಹಗಲು ಬಿಲ್ಲು ಟೈಪಿಸಲು, ಸಂಜೆ ಗೇಮ್ ಆಡಲು ಒಂದೇ ಆಗಬೇಕು, ಅಗ್ಗವಾಗಿರಬೇಕು, ಸದ್ದು ಮಾತ್ರ ಊರಿಗೆಲ್ಲ ಕೇಳಬೇಕು. "ಕೆಂಪು ಸ್ವಿಚ್ಚಿಂದು ತಗೊಳಪ್ಪಾ, ಗಲಾಟೆ ಇಲ್ಲ" ಎಂದರೆ, "ಅದು ಬಾಯಿಲ್ಲದ್ದು ಕಣಕ್ಕಾ, ಟಕಟಕ ಅನ್ನೋ ನೀಲೀದೇ ಕೊಡು" ಎನ್ನುತ್ತಾನೆ. ಅವನು ಆಟಕ್ಕೆ ಕೂತರೆ ಅವನಿರುವ ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನ್ ಮನೆಗಳ ತಗಡೆಲ್ಲ ಅದುರುತ್ತದಂತೆ. "ಇದೇನ್ ಕೀಬೋರ್ಡೋ, ರಾಗಿ ಮಿಲ್ಲೋ?" ಎಂದು ನೆರೆಮನೆಯ ಮುತ್ಯಾಲಮ್ಮ ದಿನವೂ ಬೈಯುತ್ತಾಳೆ. ಬೈಯದೆ ಇದ್ದವನು ಗೋಡೆಯಾಚೆ ಹಾಸಿಗೆ ಹಿಡಿದಿದ್ದ ವೇಣುವಿನ ಅಪ್ಪ ಮುನಿನಾರಾಯಣಪ್ಪ ಒಬ್ಬನೇ. ಅವನು ಚಿನ್ನದ ಗಣಿಯಲ್ಲಿ ದುಡಿದವನು. ಬಂಡೆ ಕುಸಿದು ಒಳಗೆ ಸಿಕ್ಕಿಕೊಂಡವರು ಕಲ್ಲು ತಟ್ಟುತ್ತಿದ್ದರು. ತಟ್ಟುವ ಸದ್ದು ಕೇಳುವವರೆಗೂ ಜೀವವಿದೆ ಎಂಬ ನಂಬಿಕೆ. ಅದಕ್ಕೇ ಕೀಬೋರ್ಡು ಸುಮ್ಮನಾದೊಡನೆ ಮುದುಕ ಗೋಡೆ ತಟ್ಟಿ, "ಲೇ ವೇಣು, ಇದೀಯೇನ್ಲಾ?" ಎನ್ನುತ್ತಿದ್ದ. ವೇಣು ಬಾಯಿ ತೆರೆಯದೆ ಒಂದು ಕೀ ಒತ್ತುತ್ತಿದ್ದ. ಈ ಸಲ ವೇಣು ಅಂಗಡಿಗೆ ತಲೆ ಬೋಳಿಸಿಕೊಂಡು ಬಂದದ್ದನ್ನು ಕಂಡು ಆಶಾರಾಣಿ ಕೆಂಪು ಸ್ವಿಚ್ಚಿನದನ್ನು ಮುಂದಿಟ್ಟಳು. ವೇಣು ಅದನ್ನು ಪಕ್ಕಕ್ಕೆ ಸರಿಸಿ, ನೀಲಿಯದನ್ನು ಎಳೆದುಕೊಂಡು ಒಂದು ಕೀ ಒತ್ತಿದ. ಆಮೇಲೆ ಕೈ ತಡೆದು, ಅಂಗಡಿಯ ಗೋಡೆಯ ಕಡೆಗೆ ಕಿವಿಗೊಟ್ಟು ನಿಂತ.